ವಿದ್ಯಾರ್ಥಿವೇತನ ಮತ್ತು ಆದಾಯ ತೆರಿಗೆ: ಅಮೆರಿಕ ಸಂಯುಕ್ತ ಸಂಸ್ಥಾನಗಳ ಪದ್ಧತಿ

ಕಾಲೇಜಿನಲ್ಲಿ ಓದುವ ವಿದ್ಯಾರ್ಥಿಗೆ ದೊರೆತ ವೇತನ, ಸರ್ಕಾರದ ಅನುದಾನ, ಸಾಲ, ಮನೆಯವರು ಕೂಡಿಟ್ಟ ಹಣ ಇವುಗಳಲ್ಲಿ ಯಾವುದು ಯಾವ ವೆಚ್ಚಕ್ಕೆ ಸಂದಿತೆಂದು ತೆರಿಗೆಯ ಲೆಕ್ಕದಲ್ಲಿ ತೋರಿಸಬೇಕೆಂಬುದನ್ನು ಮುಂಚಿತವಾಗಿ ವಿಚಾರಮಾಡಿ, ಕಾನೂನು ಅನುಗ್ರಹಿಸಿರುವ ವಿನಾಯಿತಿಗಳನ್ನೂ ತೆರಿಗೆ ಜಮೆಗಳನ್ನೂ ಲೋಪವಿಲ್ಲದೆ ಪಡೆದುಕೊಳ್ಳುವ ಕ್ರಮವು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈಗ ಗೃಹಕೃತ್ಯದ ಒಂದು ಶಾಸ್ತ್ರವೇ ಆಗಿ ಬೆಳೆದಿದೆ. ಭಾರತದಲ್ಲಿ ಈ ಪ್ರಶ್ನೆಗೆ ಇಷ್ಟು ತೊಡಕಿಲ್ಲ. 1961ರ ಆದಾಯ ತೆರಿಗೆ ಅಧಿನಿಯಮದ 10(16)ನೆಯ ಪ್ರಕರಣವು ವಿದ್ಯಾಭ್ಯಾಸದ ವೆಚ್ಚವನ್ನು ಭರಿಸಲು ಕೊಟ್ಟ ವಿದ್ಯಾರ್ಥಿವೇತನವನ್ನು ತೆರಿಗೆಯಿಂದ ಹೊರಗಿಟ್ಟಿತು. ಅಮೆರಿಕದಲ್ಲಾದರೋ ವಿದ್ಯಾರ್ಥಿವೇತನದ ಒಂದು ಭಾಗ ತೆರಿಗೆಗೆ ಒಳಪಡುತ್ತದೆ, ಇನ್ನೊಂದು ಭಾಗ ಒಳಪಡುವುದಿಲ್ಲ. ಅದಕ್ಕಿಂತಲೂ ವಿಚಿತ್ರವಾದ ಸಂಗತಿಯೆಂದರೆ, ತೆರಿಗೆಯಿಲ್ಲದೆ ಇರಬಹುದಾದ ಹಣವನ್ನು ತಾನಾಗಿ ಆದಾಯವೆಂದು ಒಪ್ಪಿಕೊಂಡವನಿಗೆ ಅನೇಕ ವೇಳೆ ಹೆಚ್ಚಿನ ಲಾಭ ಉಂಟಾಗುತ್ತದೆ.

ಇಲ್ಲಿ ಎರಡು ಶಬ್ದಗಳ ಅರ್ಥವನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ. ಕಡಿತವೆಂಬುದು ಆದಾಯದಲ್ಲಿ ಕಳೆಯತಕ್ಕ ಮೊತ್ತ. ಅದರ ಪ್ರಯೋಜನ ತೆರಿಗೆಯ ದರದಷ್ಟೇ. ಜಮೆಯೆಂಬುದು ಲೆಕ್ಕಹಾಕಿ ಬಂದ ತೆರಿಗೆಯಲ್ಲಿಯೇ ಕಳೆಯತಕ್ಕ ಮೊತ್ತ. ಸಾವಿರ ಡಾಲರಿನ ಜಮೆಯು ಸಾವಿರ ಡಾಲರನ್ನೇ ಉಳಿಸುತ್ತದೆ. ಜಮೆಯಲ್ಲಿಯೂ ಎರಡು ಬಗೆಯುಂಟು: ತೆರಿಗೆ ಸೊನ್ನೆಯಾದ ಒಡನೆ ನಿಂತುಹೋಗುವುದೊಂದು, ಸೊನ್ನೆಯಾದ ಮೇಲೂ ಮಿಕ್ಕ ಹಣವನ್ನು ಖಜಾನೆಯಿಂದ ಮರಳಿ ಕೊಡಿಸುವುದಿನ್ನೊಂದು. ಬಡವರ ದೃಷ್ಟಿಯಿಂದ ನೋಡಿದರೆ ಈ ಎರಡರ ನಡುವಣ ಅಂತರವೇ ಇಡೀ ವಿಷಯದ ಹೃದಯ. ತೆರಿಗೆಯೇ ಬಾರದಷ್ಟು ಅಲ್ಪವಾದ ಆದಾಯವುಳ್ಳ ಸಂಸಾರಕ್ಕೆ ಮೊದಲ ಬಗೆಯ ಜಮೆಯಿಂದ ಕಾಸಿನ ಪ್ರಯೋಜನವೂ ಇಲ್ಲ.

1954ಕ್ಕೆ ಮೊದಲು ವಿದ್ಯಾರ್ಥಿವೇತನವು ದಾನವೋ ಸಂಬಳವೋ ಎಂಬುದನ್ನು ಒಂದೊಂದು ಪ್ರಸಂಗದಲ್ಲಿಯೂ ಪ್ರತ್ಯೇಕವಾಗಿ ತೀರ್ಮಾನಿಸಬೇಕಾಗಿದ್ದಿತು. ಆ ವರ್ಷದ ಆದಾಯ ತೆರಿಗೆ ಸಂಹಿತೆಯು 117ನೆಯ ಪ್ರಕರಣವನ್ನು ರಚಿಸಿ, ಪದವಿಗಾಗಿ ಓದುವವನ ವೇತನವನ್ನು ಊಟ ವಸತಿಗಳ ಭಾಗವೂ ಸೇರಿದಂತೆ ಆದಾಯದಿಂದ ಹೊರಗಿಟ್ಟಿತು. 1969ರಲ್ಲಿ ಬಿಂಗ್ಲರ್ ವಿರುದ್ಧ ಜಾನ್ಸನ್ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಾಡಿದ ಅಥವಾ ಮಾಡಬೇಕಾದ ಕೆಲಸಕ್ಕೆ ಪ್ರತಿಫಲವಾಗಿ ಬರುವ ಹಣಕ್ಕೆ ಯಾವ ಹೆಸರಿಟ್ಟರೂ ಅದು ಸಂಬಳವೇ ಹೊರತು ವಿದ್ಯಾರ್ಥಿವೇತನವಲ್ಲವೆಂದು ನಿರ್ಣಯಿಸಿತು. ಮುಂದೆ 1986ರ ತೆರಿಗೆ ಸುಧಾರಣಾ ಶಾಸನವು ವಿನಾಯಿತಿಯ ಎಲ್ಲೆಯನ್ನು ಬಹಳವಾಗಿ ಕಿರಿದುಗೊಳಿಸಿತು. ಅಂದಿನಿಂದ ಬೋಧನಾಶುಲ್ಕ, ಕಡ್ಡಾಯವಾದ ಇತರ ಶುಲ್ಕಗಳು, ಪಾಠಕ್ಕೆ ಅವಶ್ಯವೆಂದು ವಿಧಿಸಿದ ಪುಸ್ತಕ ಮತ್ತು ಉಪಕರಣಗಳು ಇವಿಷ್ಟಕ್ಕೆ ಸಲ್ಲುವ ಹಣ ಮಾತ್ರ ತೆರಿಗೆಯಿಂದ ಮುಕ್ತ. ಹಾಸ್ಟೆಲಿನ ಬಾಡಿಗೆ, ಊಟ, ಪ್ರಯಾಣ ಇವುಗಳಿಗೆ ಸಂದದ್ದೆಲ್ಲವೂ ವಿದ್ಯಾರ್ಥಿಯ ಆದಾಯ. ಹಸಿದ ಹೊಟ್ಟೆಯಲ್ಲಿ ಯಾರೂ ಓದಲಾರರೆಂಬುದು ಲೋಕಕ್ಕೆ ತಿಳಿದ ಮಾತಾದರೂ ಶಾಸನವು ಅನ್ನವನ್ನು ವಿದ್ಯೆಯ ವೆಚ್ಚವೆಂದು ಎಣಿಸಲಿಲ್ಲ. ಈ ವಿಂಗಡಣೆ ನ್ಯಾಯವಾದುದೆಂದು ಒಪ್ಪುವುದು ಕಷ್ಟ. ಆದರೆ ಇದೇ ವಿಂಗಡಣೆಯು ಮುಂದೆ ಬಡ ವಿದ್ಯಾರ್ಥಿಗೆ ಹೇಗೆ ಒಂದು ಬಾಗಿಲನ್ನು ತೆರೆಯಿತೆಂಬುದನ್ನು ಕೆಳಗೆ ನೋಡಬಹುದು.

ಬಡ ವಿದ್ಯಾರ್ಥಿಗಳಿಗೆ ಒಕ್ಕೂಟ ಸರ್ಕಾರವು ಕೊಡುವ ಮುಖ್ಯ ಅನುದಾನಕ್ಕೆ ಪೆಲ್ ಅನುದಾನವೆಂದು ಹೆಸರು. 1972ರಲ್ಲಿ ಬೇರೊಂದು ಹೆಸರಿನಿಂದ ಮೊದಲಾದ ಇದಕ್ಕೆ, ಅದರ ಸಲುವಾಗಿ ಶ್ರಮಿಸಿದ ರೋಡ್ ಐಲೆಂಡಿನ ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಹೆಸರನ್ನು 1980ರಲ್ಲಿ ಇಡಲಾಯಿತು. 2024–25ನೆಯ ಸಾಲಿನಲ್ಲಿ ಇದರ ಗರಿಷ್ಠ ಮೊತ್ತ 7,395 ಡಾಲರು. ಮಧ್ಯಮ ವರ್ಗದವರಿಗಾದರೋ ಇಂತಹ ಅನುದಾನ ಸಿಗುವುದು ಅಪರೂಪ. ಅವರ ಭಾರವನ್ನು ಇಳಿಸುವ ಸಲುವಾಗಿ 1997ರ ತೆರಿಗೆ ಪರಿಹಾರ ಶಾಸನವು ಎರಡು ಜಮೆಗಳನ್ನು ಸೃಷ್ಟಿಸಿತು. ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್ ಅವರು ಲಾಟರಿಯ ಹಣದಿಂದ 1993ರಲ್ಲಿ ನಡೆಸತೊಡಗಿದ ಹೋಪ್ ವಿದ್ಯಾರ್ಥಿವೇತನದ ಹೆಸರನ್ನೇ ಅಧ್ಯಕ್ಷ ಕ್ಲಿಂಟನ್ನರು ಎತ್ತಿಕೊಂಡು, ಕಾಲೇಜಿನ ಮೊದಲ ಎರಡು ವರ್ಷಗಳಿಗೆ ಗರಿಷ್ಠ 1,500 ಡಾಲರಿನ ಹೋಪ್ ಜಮೆಯನ್ನು ತಂದರು. ಜೀವಮಾನ ಕಲಿಕೆಯ ಜಮೆಯೆಂಬುದು ಅದರ ಜೊತೆಯಲ್ಲಿ ಹುಟ್ಟಿತು. ಇವೆರಡೂ ಮರಳಿ ಬಾರದ ಜಮೆಗಳಾಗಿದ್ದುದರಿಂದ ಪೆಲ್ ಅನುದಾನ ಪಡೆಯುವ ಬಹುತೇಕ ಮನೆಗಳಿಗೆ ಇವುಗಳ ನೆರಳೂ ತಾಕಲಿಲ್ಲ.

2009ರಲ್ಲಿ, ಆರ್ಥಿಕ ಕುಸಿತದ ನಡುವೆ, ಹೋಪ್ ಜಮೆಯ ಸ್ಥಾನಕ್ಕೆ ಅಮೆರಿಕನ್ ಆಪರ್ಚುನಿಟಿ ಜಮೆಯೆಂಬುದು ಬಂದಿತು; 2015ರ ಶಾಸನವು ಅದನ್ನು ಶಾಶ್ವತಗೊಳಿಸಿತು. ಅರ್ಹವಾದ ವೆಚ್ಚದ ಮೊದಲ 2,000 ಡಾಲರುಗಳಿಗೆ ನೂರಕ್ಕೆ ನೂರರಂತೆಯೂ ಮುಂದಿನ 2,000 ಡಾಲರುಗಳಿಗೆ ನೂರಕ್ಕೆ ಇಪ್ಪತ್ತೈದರಂತೆಯೂ ಎಣಿಸಿ, ಒಬ್ಬೊಬ್ಬ ವಿದ್ಯಾರ್ಥಿಗೂ ವರ್ಷಕ್ಕೆ ಗರಿಷ್ಠ 2,500 ಡಾಲರನ್ನು ಇದರಲ್ಲಿ ಪಡೆಯಬಹುದು; ಅದರಲ್ಲಿ ನೂರಕ್ಕೆ ನಲವತ್ತು ಭಾಗ, ಎಂದರೆ ಗರಿಷ್ಠ 1,000 ಡಾಲರು, ತೆರಿಗೆಯಿಲ್ಲದವನಿಗೂ ಹಣವಾಗಿ ಮರಳುತ್ತದೆ. ವಿದ್ಯಾರ್ಥಿಯು ಪದವಿಯನ್ನು ಅಥವಾ ಅಂಗೀಕೃತ ಪ್ರಮಾಣಪತ್ರವನ್ನು ಅರಸುತ್ತಿರಬೇಕು, ವರ್ಷದ ಒಂದು ಅವಧಿಯಲ್ಲಾದರೂ ಕನಿಷ್ಠ ಅರ್ಧ ಹೊರೆಯ ಪಾಠಗಳಿಗೆ ದಾಖಲಾಗಿರಬೇಕು, ವರ್ಷಾರಂಭಕ್ಕೆ ಕಾಲೇಜಿನ ನಾಲ್ಕು ವರ್ಷಗಳನ್ನು ಮುಗಿಸಿರಬಾರದು, ಮಾದಕ ದ್ರವ್ಯದ ಘೋರಾಪರಾಧದಲ್ಲಿ ಶಿಕ್ಷೆಗೊಳಗಾಗಿರಬಾರದು. ಒಂಟಿಯಾಗಿ ರಿಟರ್ನ್ ಸಲ್ಲಿಸುವವರಿಗೆ 80,000ದಿಂದ 90,000 ಡಾಲರಿನ ಆದಾಯದ ನಡುವೆಯೂ ದಂಪತಿಗಳಿಗೆ 1,60,000ದಿಂದ 1,80,000ದ ನಡುವೆಯೂ ಇದು ಕರಗುತ್ತ ಬಂದು ಇಲ್ಲವಾಗುತ್ತದೆ. ದಂಪತಿಗಳು ಬೇರೆ ಬೇರೆಯಾಗಿ ರಿಟರ್ನ್ ಸಲ್ಲಿಸಿದರಂತೂ ದೊರೆಯುವುದೇ ಇಲ್ಲ. ಜೀವಮಾನ ಕಲಿಕೆಯ ಜಮೆಯು ಇನ್ನೂ ಉಳಿದಿದೆ: 10,000 ಡಾಲರುಗಳವರೆಗಿನ ವೆಚ್ಚಕ್ಕೆ ನೂರಕ್ಕೆ ಇಪ್ಪತ್ತರಂತೆ, ಇಡೀ ಮನೆಗೆ 2,000 ಡಾಲರು, ವರ್ಷಗಳ ಮಿತಿಯಿಲ್ಲ, ಹಣ ಮರಳುವುದೂ ಇಲ್ಲ.

ಈಗ ಗಂಟು ಎಲ್ಲಿದೆಯೆಂಬುದನ್ನು ನೋಡೋಣ. ಒಂದೇ ಡಾಲರಿಗೆ ಎರಡು ಸಲ ಪ್ರಯೋಜನವನ್ನು ಪಡೆಯಬಾರದೆಂಬುದು ಶಾಸನದ ಮೂಲಸೂತ್ರ. ತೆರಿಗೆಯಿಲ್ಲದ ವಿದ್ಯಾರ್ಥಿವೇತನದಿಂದ ಸಂದಾಯವಾದ ಬೋಧನಾಶುಲ್ಕವನ್ನು ಜಮೆಯ ಲೆಕ್ಕಕ್ಕೆ ಮತ್ತೆ ತರಲಾಗದು. ಆದ್ದರಿಂದ ಶುಲ್ಕ ಕಡಿಮೆಯಿರುವ ಕಮ್ಯೂನಿಟಿ ಕಾಲೇಜಿನಲ್ಲಿ ಪೆಲ್ ಅನುದಾನವೇ ಶುಲ್ಕವನ್ನೆಲ್ಲ ತೀರಿಸಿಬಿಟ್ಟರೆ, ಬಡವರಿಗಾಗಿಯೇ ಮರಳುವ ಜಮೆಯನ್ನು ಕಲ್ಪಿಸಿದ ಶಾಸನದ ಉದ್ದೇಶವು ಬಡವನ ಮನೆಯ ಹೊಸ್ತಿಲಲ್ಲಿಯೇ ನಿಂತುಹೋಗುತ್ತದೆ. ಆದರೆ ವಿಧಿಗಳಲ್ಲಿ ಒಂದು ಮಾರ್ಗ ಉಂಟು. ಅನುದಾನದ ಷರತ್ತು ಊಟ ವಸತಿಗಳಿಗೂ ಅದನ್ನು ಬಳಸಲು ಅವಕಾಶ ಕೊಟ್ಟಿದ್ದರೆ, ಕಾಲೇಜಿನ ಕಚೇರಿಯು ಆ ಹಣವನ್ನು ಶುಲ್ಕದ ಖಾತೆಗೇ ಜಮಾ ಮಾಡಿದ್ದರೂ ಸಹ, ವಿದ್ಯಾರ್ಥಿಯು ಅದರ ಒಂದು ಭಾಗವನ್ನು ಜೀವನ ವೆಚ್ಚಕ್ಕೆ ಸಂದದ್ದೆಂದು ಎಣಿಸಿ ತನ್ನ ಆದಾಯದಲ್ಲಿ ತೋರಿಸಬಹುದು. ಹಾಗೆ ತೋರಿಸಿದ ಮೊತ್ತದಷ್ಟು ಶುಲ್ಕವು ಮನೆಯ ಹಣದಿಂದಲೋ ಸಾಲದಿಂದಲೋ ಸಂದದ್ದೆಂದಾಗಿ ಜಮೆಗೆ ಅರ್ಹವಾಗುತ್ತದೆ. ಅಮೆರಿಕದ ಕಂದಾಯ ಇಲಾಖೆಯಾದ ಇಂಟರ್ನಲ್ ರೆವೆನ್ಯೂ ಸರ್ವಿಸ್ ತನ್ನ 970ನೆಯ ಪ್ರಕಟಣೆಯಲ್ಲಿ ಇದನ್ನು ಉದಾಹರಣೆಗಳೊಡನೆ ವಿವರಿಸಿದೆ. ಇದು ಕಾನೂನಿನ ಕಣ್ಣು ತಪ್ಪಿಸುವ ಉಪಾಯವಲ್ಲ, ಕಾನೂನೇ ತೋರಿಸಿಕೊಟ್ಟ ದಾರಿ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾದೀತು. ತಂದೆತಾಯಿಗಳ ಅವಲಂಬಿತಳಾದ ಒಬ್ಬ ವಿದ್ಯಾರ್ಥಿನಿಯ 2024ರ ಶುಲ್ಕ 7,000 ಡಾಲರು, ಪೆಲ್ ಅನುದಾನವೂ 7,000 ಡಾಲರು ಎಂದಿಟ್ಟುಕೊಳ್ಳೋಣ. ಬಾಡಿಗೆ ಮತ್ತು ಊಟಕ್ಕೆ ಆಕೆಗೆ 9,000 ಡಾಲರು ತಗಲುತ್ತದೆ. ಅದನ್ನು ಸಾಲದಿಂದಲೂ ಬೇಸಿಗೆಯಲ್ಲಿ ಅಂಗಡಿಯೊಂದರಲ್ಲಿ ದುಡಿದ 3,000 ಡಾಲರುಗಳಿಂದಲೂ ಮನೆಯವರ ನೆರವಿನಿಂದಲೂ ತುಂಬಿಸುತ್ತಾಳೆ. ಜನವರಿಯಲ್ಲಿ ಕಾಲೇಜು ಕಳಿಸುವ 1098-ಟಿ ಎಂಬ ಒಂದು ಹಾಳೆಯ ಪತ್ರದಲ್ಲಿ 1ನೆಯ ಚೌಕದಲ್ಲಿ ಸಂದಾಯವಾದ ಶುಲ್ಕ 7,000, 5ನೆಯ ಚೌಕದಲ್ಲಿ ಅನುದಾನ 7,000. ಎರಡೂ ಸಮವಾದುದನ್ನು ಕಂಡ ಮನೆಯವರು, ತೆರಿಗೆಯೂ ಇಲ್ಲ ಜಮೆಯೂ ಇಲ್ಲವೆಂದು ಆ ಪತ್ರವನ್ನು ಮಡಚಿ ಇಟ್ಟುಬಿಡುತ್ತಾರೆ. ಅದರ ಬದಲಿಗೆ ಅನುದಾನದಲ್ಲಿ 4,000 ಡಾಲರನ್ನು ಬಾಡಿಗೆ ಊಟಗಳಿಗೆ ಸಂದದ್ದೆಂದು ತೋರಿಸಿದರೆ ಏನಾಗುತ್ತದೆ? ಆಕೆಯ ಆದಾಯ 3,000ಕ್ಕೆ 4,000 ಕೂಡಿ 7,000 ಆಗುತ್ತದೆ. ಅವಲಂಬಿತರ ಪ್ರಮಾಣಿತ ಕಡಿತವನ್ನು, ಎಂದರೆ ವೆಚ್ಚದ ವಿವರ ಕೊಡದೆಯೇ ಆದಾಯದಲ್ಲಿ ಕಳೆಯಬಹುದಾದ ಮೊತ್ತವನ್ನು, ಎಣಿಸುವಾಗ ತೆರಿಗೆಗೊಳಪಡುವ ವಿದ್ಯಾರ್ಥಿವೇತನವನ್ನು ದುಡಿಮೆಯ ಆದಾಯವೆಂದೇ ಪರಿಗಣಿಸುವುದರಿಂದ, 7,000ಕ್ಕೆ ಆ ವರ್ಷದ ವಿಧಿಯಂತೆ ಕೂಡಿಸತಕ್ಕ 450 ಸೇರಿ 7,450 ಡಾಲರಿನ ಕಡಿತ ಆಕೆಗೆ ಸಲ್ಲುತ್ತದೆ, ತೆರಿಗೆ ಸೊನ್ನೆ. ಇತ್ತ ತಂದೆತಾಯಿಗಳ ರಿಟರ್ನಿನಲ್ಲಿ 4,000 ಡಾಲರು ಶುಲ್ಕದ ಆಧಾರದ ಮೇಲೆ 2,500 ಡಾಲರಿನ ಜಮೆ ಹುಟ್ಟುತ್ತದೆ. ಅವರ ತೆರಿಗೆ 900 ಡಾಲರೇ ಇದ್ದಿತೆಂದರೆ, ಆ ಒಂಬೈನೂರು ಪೂರ್ತಿಯಾಗಿ ಅಳಿದು, ಅದರ ಮೇಲೆ ಸಾವಿರ ಡಾಲರು ಕೈಗೆ ಬರುತ್ತದೆ. ಯಾರಿಂದಲೂ ಒಂದು ಡಾಲರನ್ನು ಹೆಚ್ಚಾಗಿ ಬೇಡದೆ, ಕೇವಲ ಲೆಕ್ಕವನ್ನು ಬೇರೆ ಬಗೆಯಲ್ಲಿ ಬರೆದುದರಿಂದ 1,900 ಡಾಲರಿನ ಲಾಭ; ಇಂತಹ ಮನೆಗೆ ಇದು ಎಷ್ಟೋ ವಾರಗಳ ದಿನಸಿ, ಇಲ್ಲವೇ ಮುಂದಿನ ಅವಧಿಯ ಪುಸ್ತಕಗಳು.

ಈ ದಾರಿಗೆ ಎಲ್ಲೆಗಳೂ ಉಂಟು. ಬೋಧನಾಶುಲ್ಕಕ್ಕೆ ಮಾತ್ರವೇ ಮೀಸಲೆಂದು ದಾನಿಯು ಷರತ್ತು ಹಾಕಿದ ವೇತನವನ್ನು ಬಾಡಿಗೆಗೆ ಸಂದದ್ದೆಂದು ತೋರಿಸಲಾಗದು. ನಿಜವಾಗಿ ಆದ ಜೀವನ ವೆಚ್ಚವನ್ನು ಮೀರಿ ತೋರಿಸುವುದೂ ಸಲ್ಲದು. ವೇತನ ಕಳೆದ ಮೇಲೂ 4,000 ಡಾಲರು ಶುಲ್ಕ ಮಿಕ್ಕಿರುವವರು ಏನನ್ನೂ ಬದಲಾಯಿಸಬೇಕಾಗಿಲ್ಲ. ಮೊದಲ 2,000 ಡಾಲರಿಗೆ ಡಾಲರಿಗೊಂದು ಡಾಲರು ಜಮೆ ಸಿಗುವುದರಿಂದ ಅಲ್ಲಿ ವಿಚಾರಕ್ಕೆ ಎಡೆಯಿಲ್ಲ. ಮುಂದಿನ 2,000ಕ್ಕೆ ಸಿಗುವುದು ನಾಲ್ಕನೆಯ ಒಂದು ಭಾಗ ಮಾತ್ರವಾದುದರಿಂದ, ವಿದ್ಯಾರ್ಥಿಯ ತೆರಿಗೆಯ ದರ ಹೆಚ್ಚಾಗಿದ್ದರೆ ಲಾಭ ಕರಗಿಹೋಗುತ್ತದೆ. ಆ ದರ ಹೆಚ್ಚಾಗುವುದು ಹೇಗೆಂದರೆ, 24 ವರ್ಷಕ್ಕೆ ಕಡಿಮೆ ವಯಸ್ಸಿನ ಪೂರ್ಣಕಾಲದ ವಿದ್ಯಾರ್ಥಿಯು ತನ್ನ ಪೋಷಣೆಯ ಅರ್ಧಕ್ಕಿಂತ ಹೆಚ್ಚನ್ನು ತಾನೇ ದುಡಿಯದಿದ್ದರೆ, ಅವನ ದುಡಿಮೆಯಲ್ಲದ ಆದಾಯದಲ್ಲಿ ಒಂದು ಮಿತಿಯನ್ನು ದಾಟಿದ ಭಾಗಕ್ಕೆ, 2024ರಲ್ಲಿ ಈ ಮಿತಿ 2,600 ಡಾಲರು, ತಂದೆತಾಯಿಗಳ ದರವನ್ನೇ ಹಾಕುವ ವಿಧಿಯೊಂದಿದೆ. ಪ್ರಮಾಣಿತ ಕಡಿತಕ್ಕೆ ದುಡಿಮೆಯೆನಿಸಿದ ಅದೇ ವಿದ್ಯಾರ್ಥಿವೇತನವು ಈ ವಿಧಿಗೆ ದುಡಿಮೆಯಲ್ಲದ ಆದಾಯವೆನಿಸುತ್ತದೆ. ಒಂದೇ ಹಣಕ್ಕೆ ಒಂದೇ ಸಂಹಿತೆಯಲ್ಲಿ ಎರಡು ಮುಖ! 2017ರ ಶಾಸನವು ತಂದೆತಾಯಿಗಳ ದರದ ಬದಲಿಗೆ ಟ್ರಸ್ಟುಗಳ ಕಡಿದಾದ ದರವನ್ನು ಇಲ್ಲಿ ತಂದಾಗ, ಯುದ್ಧದಲ್ಲಿ ಮಡಿದ ಸೈನಿಕರ ಮಕ್ಕಳೂ ಪೂರ್ಣ ವೇತನ ಪಡೆದ ಬಡ ವಿದ್ಯಾರ್ಥಿಗಳೂ ಶ್ರೀಮಂತರ ದರದಲ್ಲಿ ತೆರಿಗೆ ತೆರಬೇಕಾಗಿ ಬಂದು, 2019ರಲ್ಲಿ ಕಾಂಗ್ರೆಸ್ಸು ಆ ತಪ್ಪನ್ನು ತಿದ್ದಿತು. ಮೇಲಿನ ಉದಾಹರಣೆಯಲ್ಲಿ ಕಡಿತವೇ ಆದಾಯವನ್ನೆಲ್ಲ ನುಂಗಿದುದರಿಂದ ಈ ವಿಧಿಗೆ ಹಿಡಿಯಲು ಏನೂ ಉಳಿಯಲಿಲ್ಲ. ಊಟ ವಸತಿಗಳೂ ಸೇರಿದ ದೊಡ್ಡ ವೇತನವನ್ನು ಪಡೆದವರು ಮಾತ್ರ ಎಚ್ಚರದಿಂದಿರಬೇಕು.

1098-ಟಿ ಪತ್ರವನ್ನು ಕಣ್ಣುಮುಚ್ಚಿ ನಂಬುವುದೂ ಅಪಾಯವೇ. ವಸಂತ ಅವಧಿಯ ಶುಲ್ಕವನ್ನು ಡಿಸೆಂಬರಿನಲ್ಲಿ ಕಟ್ಟಿಸಿಕೊಂಡು ಅದೇ ಅವಧಿಯ ವೇತನವನ್ನು ಜನವರಿಯಲ್ಲಿ ಜಮಾ ಮಾಡಿದರೆ, 1ನೆಯ ಚೌಕದ ಅಂಕಿ ಒಂದು ವರ್ಷದ ಪತ್ರದಲ್ಲಿಯೂ 5ನೆಯ ಚೌಕದ ಅಂಕಿ ಮರುವರ್ಷದ ಪತ್ರದಲ್ಲಿಯೂ ಬಂದು ಕುಳಿತುಕೊಳ್ಳುತ್ತವೆ. ಅಮೆರಿಕನ್ ಆಪರ್ಚುನಿಟಿ ಜಮೆಗೆ ಅರ್ಹವಾದ ಪುಸ್ತಕಗಳನ್ನು ಹೊರಗಿನ ಅಂಗಡಿಯಲ್ಲಿ ಕೊಂಡಿದ್ದರೆ ಅದರ ಸುಳಿವೇ ಪತ್ರದಲ್ಲಿ ಇರುವುದಿಲ್ಲ. ಆದಕಾರಣ ಕಾಲೇಜಿನ ಖಾತೆಯ ವಿವರವನ್ನೂ ಪುಸ್ತಕದಂಗಡಿಯ ರಸೀದಿಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳುವುದೇ ಕ್ಷೇಮ. ಮುಂದಿನ ವರ್ಷದ ಮೊದಲ ಮೂರು ತಿಂಗಳಲ್ಲಿ ಆರಂಭವಾಗುವ ಅವಧಿಯ ಶುಲ್ಕವನ್ನು ಈ ವರ್ಷವೇ ಕಟ್ಟಿದರೆ ಅದು ಈ ವರ್ಷದ ಜಮೆಗೆ ಸೇರುತ್ತದೆ. ವರ್ಷದ ವೆಚ್ಚ 4,000ವನ್ನು ಮುಟ್ಟದಿರುವಾಗ ಡಿಸೆಂಬರಿನಲ್ಲಿ ಕಟ್ಟುವುದು, ದಾಟಿರುವಾಗ ಜನವರಿಗೆ ಬಿಡುವುದು ಬಲ್ಲವರ ರೂಢಿ. ನಾಲ್ಕು ವರ್ಷದ ಓದು ಶರತ್ಕಾಲದಲ್ಲಿ ಮೊದಲಾಗಿ ವಸಂತದಲ್ಲಿ ಮುಗಿಯುವುದರಿಂದ ಐದು ಕ್ಯಾಲೆಂಡರ್ ವರ್ಷಗಳನ್ನು ಸ್ಪರ್ಶಿಸುತ್ತದೆ. ಜಮೆಯು ನಾಲ್ಕೇ ವರ್ಷಗಳಿಗೆ ಸಲ್ಲುವುದರಿಂದ ಐದರಲ್ಲಿ ಅತ್ಯಂತ ಕಡಿಮೆ ಫಲದ ವರ್ಷವನ್ನು ಬಿಟ್ಟುಕೊಡುವುದು ಯುಕ್ತ.

ಜಮೆಯನ್ನು ಕೇಳುವ ಹಕ್ಕು ವಿದ್ಯಾರ್ಥಿಯನ್ನು ಅವಲಂಬಿತನೆಂದು ತೋರಿಸಿದವರದು. ಶುಲ್ಕವನ್ನು ವಿದ್ಯಾರ್ಥಿಯೇ ಸಾಲಮಾಡಿ ಕಟ್ಟಿದ್ದರೂ, ಅಜ್ಜಿಯು ನೇರವಾಗಿ ಕಾಲೇಜಿಗೆ ಕಳಿಸಿದ್ದರೂ, ಅದು ತಂದೆತಾಯಿಗಳೇ ಕಟ್ಟಿದಂತೆ ಎಣಿಕೆಯಾಗುತ್ತದೆ. ಆದಾಯದ ಮಿತಿಯನ್ನು ದಾಟಿದ ತಂದೆತಾಯಿಗಳು ಮಗನನ್ನು ಅವಲಂಬಿತನೆಂದು ತೋರಿಸದೆ ಬಿಟ್ಟುಕೊಟ್ಟರೆ ಅವನೇ ತನ್ನ ತೆರಿಗೆಯ ಎದುರು ಜಮೆಯನ್ನು ಕೇಳಬಹುದು, ಆದರೆ ಮರಳುವ ಭಾಗ ಸಾಮಾನ್ಯವಾಗಿ ಅವನಿಗೆ ದೊರೆಯದು.

ಮಕ್ಕಳ ಶಿಕ್ಷಣಕ್ಕೆಂದೇ ಕೂಡಿಡುವ 529 ಖಾತೆಗಳೂ ಈ ಲೆಕ್ಕದೊಳಗೆ ಬರುತ್ತವೆ. 1996ರ ಶಾಸನದಿಂದ ಹುಟ್ಟಿದ ಈ ಖಾತೆಯಿಂದ ತೆಗೆದ ಹಣವು ಶುಲ್ಕಕ್ಕಲ್ಲದೆ ಊಟ ವಸತಿಗಳಿಗೆ ಸಂದರೂ ತೆರಿಗೆಯಿಲ್ಲ. ಆದ್ದರಿಂದ ಶುಲ್ಕದಲ್ಲಿ 4,000 ಡಾಲರನ್ನು ಕೈಯಿಂದ ಅಥವಾ ಸಾಲದಿಂದ ಕಟ್ಟಿ ಜಮೆಗೆ ಮೀಸಲಿಟ್ಟು, ಹಾಸ್ಟೆಲಿನ ಬಿಲ್ಲಿಗೆ ಈ ಖಾತೆಯನ್ನು ಬಳಸುವುದೇ ಸರಿಯಾದ ಅನುಕ್ರಮ. ಮಗಳಿಗೆ ಅನಿರೀಕ್ಷಿತವಾಗಿ ವಿದ್ಯಾರ್ಥಿವೇತನ ಬಂದು ಖಾತೆಯ ಹಣ ಮಿಕ್ಕರೆ, ವೇತನದಷ್ಟು ಮೊತ್ತವನ್ನು ನೂರಕ್ಕೆ ಹತ್ತರ ದಂಡವಿಲ್ಲದೆ ತೆಗೆಯಬಹುದು. ಅದರಲ್ಲಿನ ಗಳಿಕೆಗೆ ಮಾತ್ರ ತೆರಿಗೆ ಬೀಳುತ್ತದೆ.

ಸ್ನಾತಕೋತ್ತರ ವ್ಯಾಸಂಗಕ್ಕೆಂದು ಬೆಂಗಳೂರು, ಮೈಸೂರು, ಸುರತ್ಕಲ್ಲುಗಳಿಂದ ಅಮೆರಿಕಕ್ಕೆ ತೆರಳುವ ಕನ್ನಡಿಗ ವಿದ್ಯಾರ್ಥಿಗಳಿಗೆ ಈ ಪದ್ಧತಿಯು ಇನ್ನೊಂದು ಮುಖವನ್ನು ತೋರುತ್ತದೆ. ಬೋಧನಾ ಸಹಾಯಕರಾಗಿ ದುಡಿದು ಪಡೆಯುವ ಮಾಸಿಕ ವೇತನ ಸಂಬಳವೇ. ಆದರೆ ಅದರ ಜೊತೆಗೆ ದೊರೆಯುವ ಶುಲ್ಕಮನ್ನಾ ತೆರಿಗೆಗೆ ಒಳಪಡದು. 2017ರಲ್ಲಿ ಇದಕ್ಕೂ ತೆರಿಗೆ ಹಾಕಬೇಕೆಂದು ಪ್ರತಿನಿಧಿ ಸಭೆಯ ಮಸೂದೆಯಲ್ಲಿದ್ದ ಪ್ರಸ್ತಾವವು ಶಾಸನವಾಗದೆ ಬಿದ್ದುಹೋದುದು ಸಾವಿರಾರು ಸಂಶೋಧಕರ ಪುಣ್ಯ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷಗಳು ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಗಳಾದುದರಿಂದ ಶಿಕ್ಷಣ ಜಮೆಗಳು ಅವರಿಗೆ ದೊರೆಯುವುದಿಲ್ಲ. ಊಟ ವಸತಿಗಳ ವೇತನದಲ್ಲಿ ನೂರಕ್ಕೆ ಹದಿನಾಲ್ಕರಂತೆ ಮೊದಲೇ ಹಿಡಿದುಕೊಳ್ಳಲಾಗುತ್ತದೆ. ಆದರೆ ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೆಯ ವಿಧಿಯು ಭಾರತೀಯ ವಿದ್ಯಾರ್ಥಿಗೆ, ಇತರ ಅನಿವಾಸಿಗಳಿಗೆ ಸಾಮಾನ್ಯವಾಗಿ ಸಿಗದ ಪ್ರಮಾಣಿತ ಕಡಿತವನ್ನು ಕೊಡಿಸಿದೆ. 2024ರಲ್ಲಿ ಅದು 14,600 ಡಾಲರು. ಇದನ್ನರಿಯದೆ ಹಿಡಿದುಕೊಂಡ ಹಣವನ್ನು ಮರಳಿ ಕೇಳದೆ ಬಿಡುವುದು ದುಡಿಮೆಯ ಫಲವನ್ನು ಕೈಯಾರೆ ಚೆಲ್ಲಿದಂತೆ.

ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಅಲ್ಲಿ ನೆಲೆಸಿ ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತಿರುವ ಸಂಸಾರಗಳ ಸ್ಥಿತಿ ಇದಕ್ಕಿಂತ ಮರುಕ ಹುಟ್ಟಿಸುವಂಥದು. ಅವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ಬೆಳೆದ ಮಕ್ಕಳಿಗೆ ಪೆಲ್ ಅನುದಾನವಿಲ್ಲ, ಒಕ್ಕೂಟ ಸರ್ಕಾರದ ಸಾಲವಿಲ್ಲ. ತಂದೆ ಮಾತ್ರ ಇತರರಂತೆ ಪೂರ್ಣ ತೆರಿಗೆಯನ್ನು ತೆರುತ್ತಿರುತ್ತಾನೆ. ಶಿಕ್ಷಣ ಜಮೆಯೊಂದು ಅವರಿಗೆ ಉಳಿದಿದ್ದಿತು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದ ಮಕ್ಕಳಿಗೆ ಇಲಾಖೆಯು ಕೊಡುವ ಬೇರೊಂದು ತೆರಿಗೆ ಸಂಖ್ಯೆಯನ್ನು ಗಡುವಿನೊಳಗೆ ಪಡೆದಿದ್ದರೆ ಸಾಕಾಗಿದ್ದಿತು. 2025ರ ಶಾಸನವು 2026ನೆಯ ತೆರಿಗೆ ವರ್ಷದಿಂದ ವಿದ್ಯಾರ್ಥಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೇ ಬೇಕೆಂದು ವಿಧಿಸಿ, ಈ ಮಕ್ಕಳನ್ನು ಹೊರಗಿಟ್ಟಿತು. ಶೈಶವದಿಂದ ಅದೇ ದೇಶದ ಶಾಲೆಯಲ್ಲಿ ಓದಿದವರಿಗೆ ಇದು ತಕ್ಕ ನಡೆಯಲ್ಲ.

2,500 ಡಾಲರಿನ ಗರಿಷ್ಠ ಮೊತ್ತವನ್ನೂ 80,000 ಮತ್ತು 1,60,000 ಡಾಲರಿನ ಆದಾಯದ ಮಿತಿಗಳನ್ನೂ 2009ರಿಂದ ಇಂದಿನವರೆಗೆ ಬೆಲೆಯೇರಿಕೆಗೆ ಅನುಗುಣವಾಗಿ ಏರಿಸಿಲ್ಲ. ಪ್ರಮಾಣಿತ ಕಡಿತವು ವರ್ಷವರ್ಷವೂ ಏರುತ್ತಿರಲು, ಜಮೆಯು ಮಾತ್ರ ಇದ್ದಲ್ಲಿಯೇ ನಿಂತು ಒಳಗೊಳಗೇ ಸವೆಯುತ್ತಿದೆ. ಆದಾಗ್ಯೂ, ಕಳೆದ ವರ್ಷಗಳಲ್ಲಿ 1098-ಟಿ ಪತ್ರವನ್ನು ಮಡಚಿ ಇಟ್ಟುಬಿಟ್ಟವರು, ರಿಟರ್ನ್ ಸಲ್ಲಿಸಿದ ಮೂರು ವರ್ಷಗಳೊಳಗಾದರೆ, 1040-ಎಕ್ಸ್ ಎಂಬ ತಿದ್ದುಪಡಿಯ ಅರ್ಜಿಯೊಡನೆ ಜಮೆಯ 8863ನೆಯ ಪತ್ರವನ್ನು ಸೇರಿಸಿ ಕಳಿಸಿ, ಬಿಟ್ಟುಹೋದ ಹಣವನ್ನು ಪಡೆಯಬಹುದು. ತಂದೆತಾಯಿಗಳು ಹಾಗೆ ತಿದ್ದಿದಾಗ ವಿದ್ಯಾರ್ಥಿಯೂ ಅದೇ ವರ್ಷದ ತನ್ನ ಲೆಕ್ಕವನ್ನು ತಿದ್ದಿ, ಅಷ್ಟು ವೇತನವನ್ನು ಆದಾಯವೆಂದು ಸೇರಿಸಿಕೊಳ್ಳತಕ್ಕದ್ದು; ಎರಡು ಲೆಕ್ಕಗಳಲ್ಲಿಯೂ ಅದೇ ಮೊತ್ತ ಕಾಣಬೇಕು.